ಪಾಯಿಂಟ್ 720, ಪೆಟ್ರೋಲ್ 8,800

ಪ್ರಶ್ನೆ: ಸರ್, ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ. ಮಗ ಮೈಸೂರಿನಲ್ಲಿ ಓದುತ್ತಿದ್ದಾನೆ. 11 ತಿಂಗಳಿಂದ ವಾರಕ್ಕೊಮ್ಮೆ ಕಾರಿನಲ್ಲಿ ಕುಶಾಲನಗರದ ಒಂದು ಸೂಪರ್‌ಮಾರ್ಕೆಟ್‌ಗೆ ಹೋಗಿ ದಿನಸಿ ತರುತ್ತೇವೆ. ತಿಂಗಳಿಗೆ ಸುಮಾರು 6,500 ರೂಪಾಯಿ ಆಗುತ್ತದೆ. 100 ರೂಪಾಯಿಗೆ ಒಂದು ಪಾಯಿಂಟ್ ಕೊಡುತ್ತಾರೆ. ನನ್ನದು, ಮನೆಯವರದು, ಮಗನದು ಮೂರೂ ಫೋನ್ ನಂಬರ್ ಸೇರಿ 720 ಪಾಯಿಂಟ್ ಆಗಿದೆ. ಮೊದಲು ಊರಿನ ಕಾಕನ ಅಂಗಡಿಯಲ್ಲಿ ಬರೆಸಿ ತರುತ್ತಿದ್ದೆವು. ಅದನ್ನು ಬಿಟ್ಟದ್ದೇ ತಪ್ಪು ಅಂತ ಅತ್ತೆ ದಿನಾ ಹೇಳುತ್ತಾರೆ. ಬಿಲ್‌ಗಳನ್ನೂ ಊರಿನ ಅಂಗಡಿಯ ರೇಟನ್ನೂ ಕಳುಹಿಸಿದ್ದೇನೆ. ನಮಗೆ ಲಾಭವಾಗುತ್ತಿದೆಯೇ? ನಂಬರ್ ಕೊಟ್ಟ ಮೇಲೆ ಮೆಸೇಜ್ ಕಾಟವೂ ಜಾಸ್ತಿಯಾಗಿದೆ.

ಉತ್ತರ: ರೇಟು ಬರೆದು ಕಳುಹಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಈ ಪ್ರಶ್ನೆ ಕೇಳುವವರು ತುಂಬಾ ಜನ, ರೇಟು ಬರೆದುಕೊಳ್ಳುವವರು ಯಾರೂ ಇಲ್ಲ. ನಾನು ಎಂಟು ವರ್ಷ ಒಂದು ದೊಡ್ಡ ಅಂಗಡಿಯ ಖರೀದಿ ವಿಭಾಗದಲ್ಲಿದ್ದೆ. ಆಫರ್ ಹಾಕುವವರ ಪಕ್ಕದಲ್ಲೇ ಕೂತು ಕೆಲಸ ಮಾಡಿದವನು.

ನಿಮ್ಮ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ, ಒಂದು ಪಾಯಿಂಟ್‌ಗೆ 50 ಪೈಸೆ. ಅಂದರೆ 720 ಪಾಯಿಂಟ್‌ಗೆ 360 ರೂಪಾಯಿ. 11 ತಿಂಗಳಲ್ಲಿ ನೀವು ಖರ್ಚು ಮಾಡಿದ್ದು ಹತ್ತಿರ ಹತ್ತಿರ 71,500. ನೂರಕ್ಕೆ ಅರ್ಧ ರೂಪಾಯಿ ವಾಪಸ್ ಬಂದಂತಾಯಿತು.

ಅದೂ ಪೂರ್ತಿ ಕೈಗೆ ಬರುವುದಿಲ್ಲ. ಕನಿಷ್ಠ 250 ಪಾಯಿಂಟ್ ಆದ ಮೇಲೇ ಬಳಸಬಹುದು ಅಂತಲೂ ಅಲ್ಲೇ ಇದೆ. ನಿಮ್ಮ ನಂಬರಿನಲ್ಲಿ 430 ಇದೆ, ಬಳಸಬಹುದು. ಮನೆಯವರ ನಂಬರಿನಲ್ಲಿ 210, ಮಗನದರಲ್ಲಿ 80. ಅವೆರಡೂ ಈಗ ಯಾವುದಕ್ಕೂ ಬರುವುದಿಲ್ಲ. ಪಾಯಿಂಟ್‌ಗೆ ಒಂದೇ ವರ್ಷದ ಅವಧಿ. 145 ರೂಪಾಯಿ ಹಾಗೇ ಕರಗಿಹೋಗಬಹುದು. ಮನೆಯವರ ಪಾಯಿಂಟ್ ಬಳಸಿ ಮುಗಿಸುವ ದಾರಿ ಕೊನೆಯಲ್ಲಿ ಹೇಳುತ್ತೇನೆ, ಅದಾದ ಮೇಲೆ ಯಾರೇ ಹೋದರೂ ನಿಮ್ಮ ನಂಬರೊಂದನ್ನೇ ಹೇಳಲಿ.

ಹೀಗೆ ಬಳಸದೆ ಹೋಗುವ ಪಾಯಿಂಟ್‌ಗೆ ನಮ್ಮ ವ್ಯಾಪಾರದಲ್ಲಿ 'ಬ್ರೇಕೇಜ್' ಅನ್ನುತ್ತಾರೆ. ಪಾಯಿಂಟ್ ಕೊಟ್ಟ ದಿನ ಅದು ದೊಡ್ಡ ಕಂಪನಿಯ ಲೆಕ್ಕದಲ್ಲಿ ಗಿರಾಕಿಗೆ ಕೊಡಬೇಕಾದ ಬಾಕಿ. ನೀವು ಮರೆತರೆ ಅದೇ ಆದಾಯದ ಕಡೆಗೆ ಹೋಗುತ್ತದೆ. ಎಷ್ಟು ಜನ ಮರೆಯುತ್ತಾರೆ ಅನ್ನುವ ಅಂದಾಜನ್ನು ಹಾಕಿಕೊಂಡೇ ಸ್ಕೀಮ್ ಶುರು ಮಾಡುತ್ತಾರೆ.

ಈಗ ಪೆಟ್ರೋಲ್. ಸುಂಟಿಕೊಪ್ಪದಿಂದ ಆನೆಕಾಡು ದಾಟಿ ಕುಶಾಲನಗರಕ್ಕೆ ಹೋಗಿ ಬರಲು 30 ಕಿಲೋಮೀಟರ್ ಅಂದುಕೊಳ್ಳೋಣ. ನಿಮ್ಮ ಕಾರು ಲೀಟರಿಗೆ 15 ಕೊಟ್ಟರೆ ಎರಡು ಲೀಟರ್, ಸುಮಾರು 200 ರೂಪಾಯಿ. ತಿಂಗಳಿಗೆ ನಾಲ್ಕು ಸಲ ಅಂದರೆ 800. 11 ತಿಂಗಳಿಗೆ 8,800. ಈ ಅಂಕಿ ನೋಡಿ ನಿಮ್ಮ ಅತ್ತೆ ನಗುತ್ತಾರೆ, ಗೊತ್ತು. ಆದರೆ ಸ್ವಲ್ಪ ತಾಳಿ, ಅವರ ಮಾತೂ ಪೂರ್ತಿ ಸರಿಯಲ್ಲ.

ಯಾಕೆಂದರೆ ಸೂಪರ್‌ಮಾರ್ಕೆಟ್‌ನ ನಿಜವಾದ ಉಳಿತಾಯ ಪಾಯಿಂಟ್‌ನಲ್ಲಿಲ್ಲ, ರೇಟಿನಲ್ಲಿದೆ. ನೀವು ಬರೆದ 18 ಸಾಮಾನಿನಲ್ಲಿ 11 ಅಲ್ಲಿ ಅಗ್ಗ. ಐದು ಸರಿಸಮ. ಎರಡು, ಹುಣಸೆಹಣ್ಣು ಮತ್ತು ಬೆಲ್ಲ, ಊರಿನ ಅಂಗಡಿಯಲ್ಲೇ ಕಡಿಮೆ. ಒಟ್ಟು ಲೆಕ್ಕ ಹಾಕಿದರೆ ಸೂಪರ್‌ಮಾರ್ಕೆಟ್‌ನಲ್ಲಿ ತಿಂಗಳಿಗೆ 290 ರೂಪಾಯಿ ಉಳಿಯುತ್ತದೆ. ಪಾಯಿಂಟ್‌ನ 32 ಸೇರಿಸಿದರೆ 322. ನಾಲ್ಕು ಸಲ ಹೋದರೆ ಪೆಟ್ರೋಲೇ ಅದನ್ನೆಲ್ಲ ನುಂಗುತ್ತದೆ. ತಿಂಗಳಿಗೆ ಒಂದೇ ಸಲ ಹೋದರೆ ಸುಮಾರು 120 ರೂಪಾಯಿ ಉಳಿಯುತ್ತದೆ. ಆಸ್ಪತ್ರೆಗೋ ಬ್ಯಾಂಕಿಗೋ ಹೇಗೂ ಹೋಗಬೇಕಾದ ದಿನವೇ ಸಾಮಾನನ್ನೂ ತಂದರೆ 322 ಪೂರ್ತಿ ನಿಮ್ಮದೇ.

ಇದು ಪಟ್ಟಿ ಬಿಟ್ಟು ಬೇರೇನೂ ತರದಿದ್ದರೆ ಮಾತ್ರ. ನೀವು ಕಳುಹಿಸಿದ ಬಿಲ್‌ಗಳಲ್ಲಿ ಒಂದನ್ನು ನೋಡಿ. ಪಟ್ಟಿಯ ಸಾಮಾನು 820 ರೂಪಾಯಿಗೆ ಮುಗಿದಿದೆ. ಕೌಂಟರಿನಲ್ಲಿ '999 ದಾಟಿದರೆ ಒಂದು ಕಿಲೋ ಸಕ್ಕರೆ ಬರೀ 9 ರೂಪಾಯಿ' ಅಂದಿರಬೇಕು. 192 ರೂಪಾಯಿಯ ಚಾಕೊಲೇಟ್, ರೂಮ್ ಫ್ರೆಶ್ನರ್ ಬಿಲ್ಲಿಗೆ ಸೇರಿವೆ. ಸಕ್ಕರೆ ಹೊರಗೆ 45 ರೂಪಾಯಿ ಅಂದುಕೊಂಡರೆ, 36 ರೂಪಾಯಿ ಉಳಿಸಲು 192 ಕೊಟ್ಟಿದ್ದೀರಿ. ಸುತ್ತ ಕಾಫಿ ಹೂ ಬಿಡುವ ಮನೆಗೆ ರೂಮ್ ಫ್ರೆಶ್ನರ್ ಬೇಕಿತ್ತಾ?

ನಿಮ್ಮನ್ನು ಹಂಗಿಸಲು ಹೇಳಿದ್ದಲ್ಲ. ಗೆರೆ ಹತ್ತಿರ ಬಂದಾಗ ಎಲ್ಲರ ಕಾಲೂ ಚುರುಕಾಗುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಫೆಯಲ್ಲಿ ಇದನ್ನು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದರು, ಅದೂ ಕಾಫಿಯ ಮೇಲೇ. ಹತ್ತು ಕಾಫಿ ಕುಡಿದು ಹತ್ತು ಮುದ್ರೆ ಹಾಕಿಸಿಕೊಂಡರೆ ಒಂದು ಕಾಫಿ ಫ್ರೀ. ಹತ್ತನೆಯದು ಹತ್ತಿರವಾದಂತೆ ಜನ ಬೇಗ ಬೇಗ ಬರತೊಡಗಿದರು. ಇನ್ನು ಕೆಲವರಿಗೆ 12 ಮನೆಯ ಕಾರ್ಡ್ ಕೊಟ್ಟು, ಎರಡು ಮುದ್ರೆ ಮೊದಲೇ ಹಾಕಿಟ್ಟಿದ್ದರು. ಇಬ್ಬರೂ ಕುಡಿಯಬೇಕಾದದ್ದು ಹತ್ತೇ ಕಾಫಿ. ಆದರೂ ಎರಡು ಮುದ್ರೆ ಪುಕ್ಕಟೆ ಸಿಕ್ಕವರು ಸುಮಾರು ಮೂರು ದಿನ ಮೊದಲೇ ಕಾರ್ಡ್ ತುಂಬಿಸಿದರು. 'ಸೇರಿದ ಕೂಡಲೇ 50 ಪಾಯಿಂಟ್ ಬೋನಸ್' ಅಂತ ನಿಮಗೂ ಬಂದಿರುತ್ತದೆ, ಅಲ್ವಾ? ಅದೂ ಇದೇ ಮುದ್ರೆ.

ರೇಟು ನೋಡುವಾಗ ಎಂಆರ್‌ಪಿ ಮೇಲೆ ಎಷ್ಟು ಕಡಿಮೆ ಅಂತ ನೋಡಲೇಬೇಡಿ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವ ಗೆರೆ ಅಷ್ಟೇ. ಎಣ್ಣೆ, ಅಕ್ಕಿಯನ್ನು ಕಾಕನೂ ಎಂಆರ್‌ಪಿಗೆ ಮಾರುವುದಿಲ್ಲ. '40 ರೂಪಾಯಿ ಉಳಿತಾಯ' ಅಂತ ಹಳದಿ ಚೀಟಿ ಇದ್ದರೂ, ಊರಿನಲ್ಲಿ ಅದೇ ಪ್ಯಾಕೆಟ್ 35 ಕಡಿಮೆಗೆ ಸಿಗುತ್ತಿದ್ದರೆ ಉಳಿದದ್ದು ಐದೇ ರೂಪಾಯಿ.

ತೂಕವನ್ನಂತೂ ನೋಡಲೇಬೇಕು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಕಾಣುವ ಇನ್ನೊಂದು ಪ್ಯಾಕೆಟ್ ಇರುತ್ತದೆ, ಅದರಲ್ಲಿ 850 ಗ್ರಾಂ. ಮೊದಲನೆಯದು 158 ರೂಪಾಯಿ, ಎರಡನೆಯದು 152 ಅಂತ ಇಟ್ಟುಕೊಳ್ಳಿ. ಆರು ರೂಪಾಯಿ ಅಗ್ಗ ಅಂತ ಕೈ ಅತ್ತ ಹೋಗುತ್ತದೆ. 100 ಗ್ರಾಂ ಲೆಕ್ಕಕ್ಕೆ ಮೊದಲನೆಯದು 17 ರೂಪಾಯಿ 36 ಪೈಸೆ, ಎರಡನೆಯದು 17 ರೂಪಾಯಿ 88 ಪೈಸೆ. ಈಗ ಪ್ಯಾಕೆಟ್ ಮೇಲೆ ಒಂದು ಗ್ರಾಂಗೋ ಒಂದು ಕಿಲೋಗೋ ಎಷ್ಟು ಬೀಳುತ್ತದೆ ಅಂತ ಮುದ್ರಿಸಬೇಕೆಂಬ ನಿಯಮ ಇದೆ. ಎಂಆರ್‌ಪಿಯ ಹತ್ತಿರವೇ ಸಣ್ಣದಾಗಿ ಇರುತ್ತದೆ. ಕನ್ನಡಕ ತೆಗೆದುಕೊಂಡು ಹೋಗಿ.

'ಒಂದು ಕೊಂಡರೆ ಒಂದು ಫ್ರೀ' ಬಗ್ಗೆ ಕೊಡಗಿನವರಿಗೆ ಬೇರೆಯದೇ ಮಾತು ಹೇಳಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಸಾಮಾನು ತುಂಬಿಸಿಡುವ ರೂಢಿ ಇದೆ, ಒಳ್ಳೆಯದೇ. ಆದರೆ ಜೂನ್ ಬಂತೆಂದರೆ ಬಿಸ್ಕತ್ತು ಎರಡೇ ದಿನಕ್ಕೆ ಮೆತ್ತಗೆ. ಹಿಟ್ಟಿಗೆ ಹುಳ, ಮಸಾಲೆ ಪುಡಿಗೆ ಬೂಷ್ಟು. ನನ್ನ ಮನೆಯಲ್ಲೇ ಒಂದು ಸಲ ಆಫರ್ ಅಂತ ಆರು ಕಿಲೋ ಬಟ್ಟೆ ಸೋಪಿನ ಪುಡಿ ತಂದಿದ್ದೆ. ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಆಗಸ್ಟ್ ಹೊತ್ತಿಗೆ ಕಲ್ಲಿನ ಹಾಗೆ ಗಟ್ಟಿಯಾಗಿ, ಕತ್ತಿಯ ಹಿಂಬದಿಯಲ್ಲಿ ಕುಟ್ಟಿ ಒಡೆಯಬೇಕಾಯಿತು. ಸ್ನಾನದ ಸೋಪು, ಟೂತ್‌ಪೇಸ್ಟ್, ಫಿನಾಯಿಲ್, ಬೆಂಕಿಪೊಟ್ಟಣವನ್ನು ಡಬ್ಬದಲ್ಲಿಟ್ಟು ಆಫರಿನಲ್ಲಿ ತಂದಿಡಬಹುದು. ತಿನ್ನುವ ಸಾಮಾನಿನ ಆಫರ್ ಕಂಡರೆ ಮೊದಲು ಕೊನೆಯ ದಿನಾಂಕ ನೋಡಿ. ಖಾಲಿ ಮಾಡಬೇಕು ಅಂತಲೇ ಎಷ್ಟೋ ಫ್ರೀ ಹೊರಗೆ ಬರುತ್ತದೆ. ನಾವೇ ಹಾಗೆ ಮಾಡಿದ್ದೇವೆ.

ಈಗ ಅತ್ತೆಯ ಮಾತಿಗೆ ಬರೋಣ. ಕಾಕನ ಅಂಗಡಿಯ ಪುಸ್ತಕವನ್ನು ಬರೀ ಸಾಲ ಅಂತ ನೋಡಬೇಡಿ. ತೋಟದವರ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಕಾಫಿ ಕೊಯ್ದು ಕೊಟ್ಟ ಮೇಲೇ ಬರುತ್ತದೆ. ಜುಲೈಯಿಂದ ಜನವರಿವರೆಗೆ ಸರಾಸರಿ 5,000 ರೂಪಾಯಿ ಬಾಕಿ ಬರೆಸಿಕೊಂಡು ಬಡ್ಡಿ ಕೇಳದಿದ್ದರೆ, ತಿಂಗಳಿಗೆ ನೂರಕ್ಕೆ ಒಂದರಂತೆ ಹಿಡಿದರೂ ಆರು ತಿಂಗಳಿಗೆ 300 ರೂಪಾಯಿ ಅವರು ನಿಮಗೆ ಬಿಟ್ಟ ಹಾಗೆ. 11 ತಿಂಗಳ ಪಾಯಿಂಟ್‌ಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದನ್ನು ಅವರು ರೇಟಿನಲ್ಲಿ ಸ್ವಲ್ಪ ಸೇರಿಸಿಕೊಂಡಿರುತ್ತಾರೆ, ಅದೂ ನಿಜ. ಆದರೆ ಮರ ಬಿದ್ದು ರಸ್ತೆ ಬಂದ್ ಆಗಿ, ಮೂರು ದಿನ ಕರೆಂಟೂ ಇಲ್ಲದಾಗ ಸೀಮೆಬತ್ತಿ, ಹಾಲಿನ ಪುಡಿ ಸಿಗುವುದು ಎಲ್ಲಿ? ಆವಾಗ ಮಾತ್ರ ನೆನಪಾಗುವ ಗಿರಾಕಿಗೆ ಯಾರೂ ಬರೆದುಕೊಳ್ಳುವುದಿಲ್ಲ. ದಿನದ ಸಣ್ಣಪುಟ್ಟ ಸಾಮಾನು, ಬೆಲ್ಲ, ಹುಣಸೆಹಣ್ಣನ್ನು ಮತ್ತೆ ಅಲ್ಲೇ ತನ್ನಿ. ತರಕಾರಿಗೆ ಸಂತೆ ಇದ್ದೇ ಇದೆ.

ಮೆಸೇಜ್ ಕಾಟದ ವಿಷಯ. ಬಿಲ್ ಮಾಡಿಸಲು ಫೋನ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಹೇಳಿದೆ. 'ನಂಬರ್ ಬೇಡ, ಬಿಲ್ ಕೊಡಿ' ಅಂದರೆ ಸಾಕು. ಹಟ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಪಾಯಿಂಟ್ ಬೇಕಾದರೆ ಮಾತ್ರ ನಂಬರ್ ಕೊಡಬೇಕಾಗುತ್ತದೆ. ನೀವು ಯಾವ ವಾರ ಏನು ಕೊಂಡಿರಿ ಅನ್ನುವ ಪಟ್ಟಿ ಆ ನಂಬರಿನ ಜೊತೆ ಸೇರುತ್ತದೆ. ಅಂಗಡಿಗೆ ಬೇಕಾದದ್ದೂ ಅದೇ.

ಅಂಗಡಿಯ ಹೆಸರಿನ ಕ್ರೆಡಿಟ್ ಕಾರ್ಡ್ ಮಾಡಿಸಿ ಅಂತ ಕೌಂಟರಿನಲ್ಲಿ ಹೇಳಿದರೆ ಸುಮ್ನೆ ಮುಂದೆ ಹೋಗಿ. ಒಂದು ತಿಂಗಳು ಬಾಕಿ ಉಳಿದರೆ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ ಬೀಳಬಹುದು. ನೂರಕ್ಕೆ ಅರ್ಧ ರೂಪಾಯಿಯ ಪಾಯಿಂಟ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನಿಮ್ಮ 430 ಪಾಯಿಂಟ್‌ಗೆ 215 ರೂಪಾಯಿ ಬರುತ್ತದೆ. ಕೂಡಿಡಬೇಡಿ, ಅದಕ್ಕೆ ಬಡ್ಡಿ ಬೆಳೆಯುವುದಿಲ್ಲ. ಮುಂದಿನ ಸಲ ಹೋದಾಗ ಪಟ್ಟಿಯ ಸಾಮಾನಿನ ಬಿಲ್ಲಿನಲ್ಲೇ ಕಳೆಯಿಸಿಬಿಡಿ. ಮನೆಯವರ 210ಕ್ಕೆ ಇನ್ನು 40 ಸೇರಿದರೆ ಬಳಸಬಹುದು, 4,000 ರೂಪಾಯಿಯ ಖರೀದಿ. ಮುಂದಿನ ತಿಂಗಳ ಸಾಮಾನಿಗೆ ಅವರ ನಂಬರ್ ಹೇಳಿ, ಅದನ್ನೂ ಖಾಲಿ ಮಾಡಿ, ಆಮೇಲೆ ನಿಮ್ಮದೊಂದಕ್ಕೇ ನಿಲ್ಲಿ. ಮಗನ 80 ಪಾಯಿಂಟ್ ಆಸೆ ಬಿಡಿ, 40 ರೂಪಾಯಿ ಅಷ್ಟೇ.