ಪಿ.ಟಿ.ಒ. (ಎಂಜಿನ್ನಿನ ಬಲವನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ಸಾಗಿಸುವ, ತಿರುಗುವ ಶಾಫ್ಟ್) ಇಲ್ಲದ ಹಳೆಯ ಟ್ರ್ಯಾಕ್ಟರ್‌ಗೆ ಅದನ್ನು ಜೋಡಿಸಬಹುದೇ?

ಜೋಡಿಸಬಹುದು, ಗೇರ್‌ಬಾಕ್ಸ್‌ನಲ್ಲಿ ಅದಕ್ಕೆ ಜಾಗವಿದ್ದರೆ ಮಾತ್ರ. ಮೊದಲು ಹಿಂಬದಿಯ ಮಣ್ಣು, ಗ್ರೀಸ್ ಕೆರೆದು ನೋಡಿ. ಬೋಲ್ಟ್ ಬಿಗಿದ ಮುಚ್ಚಳ ಕಂಡರೆ ಆಸೆ ಇಟ್ಟುಕೊಳ್ಳಬಹುದು. ಅದೇ ಮಾದರಿಯ ಗುಜರಿ ಟ್ರ್ಯಾಕ್ಟರ್‌ನಿಂದ ಶಾಫ್ಟ್, ಗೇರ್ ಪೂರ್ತಿ ಸೆಟ್ ತನ್ನಿ, ಬೇರಿಂಗ್ ಮತ್ತು ಆಯಿಲ್ ಸೀಲ್ ಹೊಸದನ್ನೇ ಹಾಕಿಸಿ. ಮುಚ್ಚಳವೇ ಇಲ್ಲದಿದ್ದರೆ ಎರಕದ ಕವಚ ಕೊರೆಸುವ ಸಾಹಸ ಖಂಡಿತ ಬೇಡ.

ಇಂದಿನ ಸಾಮಾನ್ಯ ಉಪಕರಣಗಳಿಗೆ ಬೇಕಾದದ್ದು ನಿಮಿಷಕ್ಕೆ 540 ಸುತ್ತು, ಸುಮಾರು 35 ಮಿ.ಮೀ. ದಪ್ಪದ, ಆರು ಹಲ್ಲಿನ ಶಾಫ್ಟ್. 1939ರ ಫೋರ್ಡ್ 9ಎನ್‌ನಲ್ಲಿ ಇದ್ದದ್ದು ಇನ್ನೂ ಸಣ್ಣದು. ಅಂಥದ್ದಕ್ಕೆ ಅಡಾಪ್ಟರ್ ಬೇಕು.

ನನಗೆ ನಿಜಕ್ಕೂ ಭಯವಿರುವುದು ಕ್ಲಚ್ ವಿಷಯದಲ್ಲಿ. ಇಂಥ ಹಳೆಯ ಗಾಡಿಗಳಲ್ಲಿ ಪಿ.ಟಿ.ಒ. ಗೇರ್‌ಬಾಕ್ಸ್‌ಗೇ ಕಟ್ಟಿಕೊಂಡಿರುತ್ತದೆ. ಹುಲ್ಲು ಕತ್ತರಿಸುವ ಭಾರದ ಬ್ಲೇಡ್ ತಿರುಗುತ್ತಿರುವಾಗ ನೀವು ಕ್ಲಚ್ ಒತ್ತಿದರೂ ಬ್ಲೇಡಿನ ವೇಗವೇ ಚಕ್ರಗಳನ್ನು ಮುಂದಕ್ಕೆ ತಳ್ಳುತ್ತದೆ. ಬದುವಿನ ಅಂಚಿನಲ್ಲಿ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಒಂದೇ ದಿಕ್ಕಿಗೆ ಬಲ ಸಾಗಿಸುವ ಓವರ್‌ರನ್ನಿಂಗ್ ಕ್ಲಚ್ ಇದನ್ನು ತಡೆಯುತ್ತದೆ. ಅದಕ್ಕೆ ದುಡ್ಡು ಉಳಿಸಬೇಡಿ.

ಶಾಫ್ಟ್‌ಗೆ ಕವಚ ಹಾಕದೆ ಚಾಲೂ ಮಾಡಲೇಬೇಡಿ. 540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು; ಪಂಚೆಯ ತುದಿಯೋ ಸೆರಗೋ ಸಿಕ್ಕಿದರೆ ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.