ಎದುರು ಮನೆಯ ಅಜ್ಜಿ ಮತ್ತು ಪಾಲಿಕೆ

ಪತ್ರ: ಮಳೆ, ಬಿಸಿಲು ಎದುರಿಸಲು ಬೀದಿಯವರೆಲ್ಲ ಒಟ್ಟಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತೆರಿಗೆ ಕಟ್ಟುವವರು ನಾವು. ಚರಂಡಿ ನೋಡಿಕೊಳ್ಳಬೇಕಾದ್ದು ಪಾಲಿಕೆ. ಆ ಹೊರೆಯನ್ನೂ ನಮ್ಮ ತಲೆಗೇ ಕಟ್ಟುತ್ತೀರಾ? (ಸಂಕ್ಷಿಪ್ತ)
ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ರಾಜಕಾಲುವೆಯ ಹೂಳು ತೆಗೆಯುವುದು ನಿಮ್ಮ ಕೆಲಸವಲ್ಲ. 2010ರ ಮೇ ತಿಂಗಳ ಬಿಸಿಲಿಗೆ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಅಲ್ಲಿನ ಪಾಲಿಕೆ ಬಿಸಿಲಿಗೆಂದೇ ಒಂದು ಯೋಜನೆ ತಂದಿತು. ನಮ್ಮ ಪಾಲಿಕೆಯನ್ನೂ ಕೇಳಿ, ಗಟ್ಟಿಯಾಗಿಯೇ ಕೇಳಿ.

ಆದರೆ ಒಂದು ಮಾತು. ನಿಮ್ಮ ಮೂಲ ಪತ್ರ ಎರಡು ಪುಟ ಇತ್ತು. ಅದರಲ್ಲಿ ಪಕ್ಕದ ಮನೆಯವರ ಹೆಸರು ಬಂದದ್ದು ಒಂದೇ ಸಲ, ಅದೂ ಕಾರು ನಿಲ್ಲಿಸುವ ಜಗಳಕ್ಕೆ. ನನಗೆ ನೋವಾದದ್ದು ಅಲ್ಲಿ.

1995ರ ಜುಲೈನಲ್ಲಿ ಅಮೆರಿಕದ ಷಿಕಾಗೋದಲ್ಲಿ ಬಿಸಿಲು 41 ಡಿಗ್ರಿ ಮುಟ್ಟಿತು. ಮಾಮೂಲಿಗಿಂತ 700ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಜನ ಒಂಟಿ ಮುದುಕರು, ಬಾಗಿಲು ಹಾಕಿಕೊಂಡ ಕೋಣೆಯೊಳಗೇ ಹೋದವರು. ಅಲ್ಲಿ ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಅಂತ ಅಕ್ಕಪಕ್ಕದ ಎರಡು ಬಡಾವಣೆಗಳು. ಎರಡರಲ್ಲೂ ಬಡತನ, ಎರಡರಲ್ಲೂ ಒಂಟಿ ವೃದ್ಧರು. ಆದರೂ ನಾರ್ತ್‌ನಲ್ಲಿ ಸಾವಿನ ಪ್ರಮಾಣ ಸುಮಾರು ಹತ್ತು ಪಟ್ಟು ಜಾಸ್ತಿ! ಸೌತ್‌ನ ಅಂಗಡಿ ಬೀದಿ ಸದಾ ಗಿಜಿಗುಡುತ್ತಿತ್ತು. ಮುದುಕರು ಹೊರಗೆ ಬರುತ್ತಿದ್ದರು, ತಂಪಾದ ಅಂಗಡಿಗಳಲ್ಲಿ ಹೊತ್ತು ಕಳೆಯುತ್ತಿದ್ದರು. ನಾರ್ತ್‌ನಲ್ಲಿ ಅಂಗಡಿಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಜನ ಹೊಸ್ತಿಲು ದಾಟಲು ಹೆದರುತ್ತಿದ್ದರು. ಇದನ್ನು ಓದಿದ ಮೇಲೆ, ನಮ್ಮ ಬೀದಿಯ ಕಿರಾಣಿ ಅಂಗಡಿ ಮುಂದಿನ ಕಲ್ಲುಬೆಂಚು ನನಗೆ ಆಸ್ಪತ್ರೆಯಷ್ಟೇ ಮುಖ್ಯ ಅನಿಸತೊಡಗಿದೆ.

ಮಳೆಯದೂ ಇದೇ ಕಥೆ. ಬೆಂಗಳೂರಿನಲ್ಲಿ ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಮಳೆನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕಾಯಿತು. ಅದೇ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮತ್ತೆ ಜೀವ ಪಡೆದದ್ದು ಸುತ್ತಲಿನ ನಿವಾಸಿಗಳು ಪಾಲಿಕೆಯ ಜತೆ ಕೂತು ಕೆಲಸ ಮಾಡಿದ್ದರಿಂದ. ಬರೀ ದೂರು ಕೊಟ್ಟಿದ್ದರೆ ಆಗುತ್ತಿತ್ತಾ?

ಇನ್ನು ನಾವು ಮನೆ ಕಟ್ಟುವ ರೀತಿ ನೋಡಿ. ಕಾಂಪೌಂಡಿನಿಂದ ಕಾಂಪೌಂಡಿಗೆ ಸಿಮೆಂಟು. ಮರದ ಬುಡದವರೆಗೂ ಟೈಲ್ಸ್. ಹೊಂಗೆ ಎಲೆ ಉದುರಿ ಕಾರು ಗಲೀಜಾಗುತ್ತೆ ಅಂತ ಕೊಂಬೆ ಕಡಿಸುತ್ತೇವೆ, ಆಮೇಲೆ ಸೆಕೆ ಅಂತ ಎ.ಸಿ. ಹಾಕಿಸುತ್ತೇವೆ. ಆ ಎ.ಸಿ.ಯ ಬಿಸಿಗಾಳಿ ಪಕ್ಕದ ಮನೆಯ ಕಿಟಕಿಗೆ! ಜಗಲಿ ಹೋಯಿತು, ಗೇಟಿಗೆ ಕ್ಯಾಮೆರಾ ಬಂತು. ಎದುರು ಮನೆಯ ಅಜ್ಜಿ ಎರಡು ದಿನದಿಂದ ಹೊರಗೆ ಕಂಡಿಲ್ಲ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಯಾವ ಪಾಲಿಕೆ ನೋಡಲು ಸಾಧ್ಯ, ಹೇಳಿ?

ನೀವು ವಿಚಾರವಂತರು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಮಳೆಗಾಲಕ್ಕೆ ಮುಂಚೆ ನಿಮ್ಮ ಬೀದಿಯ ಚರಂಡಿಗುಂಟ ನಡೆದು, ನೀರು ಯಾವ ಕಾಲುವೆ ಸೇರುತ್ತೆ, ಎಲ್ಲಿ ಕಟ್ಟಿಕೊಂಡಿದೆ ನೋಡಿ ಬನ್ನಿ. ಆ ಕಾರಿನವರನ್ನೂ ಕರೆದುಕೊಂಡು ಹೋಗಿ. ಇಬ್ಬರೂ ಸಹಿ ಹಾಕಿ ಬರೆದು ಕಳಿಸಿ. ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇವೆ.