ಲೋಕಲ್‌ಹೋಸ್ಟ್‌ನಲ್ಲೇ ನಿಧಾನ ನೆಟ್‌ವರ್ಕ್ ತರಿಸುವುದು ಹೇಗೆ?

ಬದಿಯಡ್ಕ, ಪೆರ್ಲ ಕಡೆಯ ಬೆಳೆಗಾರರಿಗೆ ಅಡಿಕೆ ದರ ತೋರಿಸುವ ವೆಬ್ ಆ್ಯಪ್ ನಿಮ್ಮದು. ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಸರ್ವರ್ ಕೂಡ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡುವಾಗ, ಎಲ್ಲವೂ ಥಟ್ಟನೆ ಬರುತ್ತದೆ, ತೋಟದ ಮೂಲೆಯಲ್ಲಿ ನಿಂತು ತೆರೆದವರಿಗೆ ಏನಾಗುತ್ತದೆ ಅಂತ ನೋಡಬೇಕು, ಅಲ್ವಾ?

ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ (ಡೆವಲಪರ್‌ಗಳಿಗಾಗಿ ಬ್ರೌಸರ್‌ನಲ್ಲೇ ಇರುವ ಪರೀಕ್ಷಾ ಫಲಕ) ತೆರೆದು ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. 'ನೋ ಥ್ರಾಟ್ಲಿಂಗ್' (ವೇಗಕ್ಕೆ ಕಡಿವಾಣ ಇಲ್ಲ) ಇರುವಲ್ಲಿ 3ಜಿ ಆರಿಸಿ. 'ಡಿಸೇಬಲ್ ಕ್ಯಾಶ್' ಕೂಡ ಟಿಕ್ ಮಾಡಿ, ಇಲ್ಲದಿದ್ದರೆ ಮೊದಲೇ ಇಳಿದ ಫೈಲುಗಳು ಬಂದು ಮೋಸ ಹೋಗುತ್ತೀರಿ. ಡೆವ್‌ಟೂಲ್ಸ್ ಮುಚ್ಚಿದರೆ ವೇಗ ಮತ್ತೆ ಮೊದಲಿನಂತೆ.

ಇದರಿಂದ ಇಡೀ ಪುಟ ನಿಧಾನವಾಗುತ್ತದೆ, ಅಷ್ಟೇ. ನನ್ನ ಪ್ರಕಾರ ಜಾಸ್ತಿ ಬಗ್ ಸಿಗುವುದು ಒಂದೇ ಒಂದು ಎಪಿಐ (ಸರ್ವರ್‌ನಿಂದ ಮಾಹಿತಿ ಕೇಳಿ ತರುವ ಕರೆ) ತಡವಾದಾಗ. ಸರ್ವರ್ ನೋಡ್‌ಜೆಎಸ್‌ನಲ್ಲಿದ್ದರೆ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಟೆಸ್ಟ್ ಮೋಡ್‌ನಲ್ಲಿ ಮಾತ್ರ, ಸೆಟ್‌ಟೈಮ್‌ಔಟ್ (ಹೇಳಿದಷ್ಟು ಹೊತ್ತು ಕಳೆದ ಮೇಲೆ ಕೆಲಸ ನಡೆಸುವ ಫಂಕ್ಷನ್) ಹಾಕಿ ದರದ ಉತ್ತರವನ್ನು ತಡೆಹಿಡಿಯಿರಿ. ಸುಮ್ನೆ ಒಂದೇ ಅಂಕಿ ಬೇಡ, 0ರಿಂದ 5 ಸೆಕೆಂಡ್ ನಡುವೆ ರ‍್ಯಾಂಡಮ್ ಆಗಿರಲಿ. ಈಗ 'ಹಳೆ ಅಡಿಕೆ' ಒತ್ತಿ, ಕೂಡಲೇ 'ಹೊಸ ಅಡಿಕೆ' ಒತ್ತಿ ನೋಡಿ. ಮೊದಲ ಉತ್ತರ ಕೊನೆಗೆ ಬಂದರೆ, ಹೊಸ ಅಡಿಕೆಯ ಹೆಸರಿನ ಕೆಳಗೆ ಹಳೆಯದರ ದರ ಕೂತಿರುತ್ತದೆ! ವ್ಯಾಪಾರದಲ್ಲಿ ಇದು ಸಣ್ಣ ತಪ್ಪಲ್ಲ. ಹೊಸ ವಿನಂತಿ ಹೋಗುವ ಮೊದಲು ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ (ಹೋದ ವಿನಂತಿಯನ್ನು ನಡುವೆಯೇ ನಿಲ್ಲಿಸುವ ಬ್ರೌಸರ್ ಸೌಲಭ್ಯ) ರದ್ದು ಮಾಡಿ.

ಲಿನಕ್ಸ್ ಇದ್ದರೆ ಟಿಸಿ ಕಮಾಂಡ್‌ನ ನೆಟ್‌ಎಮ್ (ನೆಟ್‌ವರ್ಕ್‌ಗೆ ಬೇಕೆಂದೇ ತಡ ಸೇರಿಸುವ ಸಾಧನ) ಕೂಡ ಆಗುತ್ತದೆ. ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೇ ಮಾತಾಡುವ ನೆಟ್‌ವರ್ಕ್ ದಾರಿ) ಮೇಲೆ 500 ಮಿಲಿಸೆಕೆಂಡ್ ತಡ ಹಾಕಿದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸೇರಿ 1 ಸೆಕೆಂಡ್ ಆಗುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಿರಿ, ಇಲ್ಲವಾದರೆ ಲೋಕಲ್‌ಹೋಸ್ಟ್ ಮೂಲಕ ಮಾತಾಡುವ ಡೇಟಾಬೇಸೂ ತೆವಳುತ್ತದೆ.